ಬೇಡಿದರಷ್ಟೇ ಮುಚ್ಚುವ ಕಡತ

2017ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಒಬ್ಬ ತಂದೆಯ ಅರ್ಜಿ ಬಂದಿತು. ಅವರ ಮಗಳು ಹಿಂದೊಮ್ಮೆ ವಿವಾಹಕ್ಕೆ ಸಂಬಂಧಿಸಿದ ವ್ಯಾಜ್ಯವೊಂದರಲ್ಲಿ ದೂರುದಾರಳಾಗಿದ್ದಳು. ವ್ಯಾಜ್ಯವು ರಾಜಿಯಲ್ಲಿ ಮುಗಿದಿತ್ತು. ಆದರೆ ಅಂತರಜಾಲದಲ್ಲಿ ಆಕೆಯ ಹೆಸರನ್ನು ಹುಡುಕಿದವರಿಗೆ ಆ ಹಳೆಯ ಆದೇಶವು ಎದುರಾಗುವ ಸಂಭವವಿತ್ತು. ಅದರಿಂದ ಆಕೆಯ ದಾಂಪತ್ಯಕ್ಕೂ ಮಾನಕ್ಕೂ ಧಕ್ಕೆಯಾದೀತೆಂಬುದು ತಂದೆಯ ಭಯ. ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು ಆ ಅಳಲನ್ನು ಮನ್ನಿಸಿ, ಸಾರ್ವಜನಿಕ ಹುಡುಕಾಟದಲ್ಲಿ ಮಗಳ ಹೆಸರು ಕಾಣದಂತೆ ನೋಡಿಕೊಳ್ಳಲು ರಿಜಿಸ್ಟ್ರಿಗೆ ಸೂಚಿಸಿದರು. ಮರೆಯಲ್ಪಡುವ ಹಕ್ಕಿನ ಚರ್ಚೆಯಲ್ಲಿ ಇಂದಿಗೂ ಈ ಆದೇಶವನ್ನು ಗೌರವದಿಂದ ಉಲ್ಲೇಖಿಸಲಾಗುತ್ತದೆ. ಯಾವ ಹೆಸರಿನಿಂದ ಉಲ್ಲೇಖಿಸಲಾಗುತ್ತದೆ? ಅರ್ಜಿದಾರನಾದ ತಂದೆಯ ಹೆಸರಿನಿಂದ. ಮಗಳ ಹೆಸರನ್ನು ಮರೆಮಾಚಲು ಹೋದವರ ಹೆಸರೇ ಆದೇಶದ ಶೀರ್ಷಿಕೆಯಲ್ಲಿ ಉಳಿದು, ಆಕೆಯತ್ತ ಬೊಟ್ಟು ಮಾಡುವ ಗುರುತಾಯಿತು.

ಆಕೆ ವಯಸ್ಕಳು. ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಬಿಗಿಯಾಗಿದೆ ಎಂದು ಹೇಳಲಾಗುತ್ತದೆ. ಆದರೆ 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಇನ್ನೊಂದು ಪ್ರಕರಣವನ್ನು ನೋಡಬೇಕು. ಕೇಂದ್ರ ಕೈಗಾರಿಕಾ ಭದ್ರತಾ ಪಡೆಗೆ ಆಯ್ಕೆಯಾದ ಯುವಕನೊಬ್ಬನ ಮೇಲೆ ಅಪ್ರಾಪ್ತನಾಗಿದ್ದಾಗ ಒಂದು ಆರೋಪ ಬಂದಿತ್ತು, ಖುಲಾಸೆಯೂ ಆಗಿತ್ತು. ಅದನ್ನು ಆತನೇ ಪ್ರಾಮಾಣಿಕವಾಗಿ ಅರ್ಜಿಯಲ್ಲಿ ತಿಳಿಸಿದ್ದ. ಆದರೂ ನೌಕರಿ ತಪ್ಪಿತು. ಬಾಲ್ಯದ ಪ್ರಕರಣವು ವಯಸ್ಕ ಜೀವನದ ನೌಕರಿಗೆ ಅಡ್ಡಬರಬಾರದೆಂದು ನ್ಯಾಯಾಲಯವು ಆತನ ಪರವಾಗಿ ನಿಂತಿತು. ಗೆಲುವು ದೊಡ್ಡದು. ಆದರೆ ಆ ಗೆಲುವಿಗಾಗಿ ಆತ ದೆಹಲಿಯವರೆಗೂ ಹೋರಾಡಬೇಕಾಯಿತು, ಮತ್ತು ಅಳಿಸಿಹೋಗಬೇಕಾಗಿದ್ದ ಆ ಆರೋಪವು ಆತನ ಪೂರ್ಣ ಹೆಸರಿನೊಂದಿಗೆ ಕಾನೂನು ವರದಿಗಳಲ್ಲಿ ಶಾಶ್ವತವಾಯಿತು.

ಎರಡರಲ್ಲಿಯೂ ನ್ಯಾಯಾಲಯದ ತೀರ್ಪು ಸರಿಯಾಗಿಯೇ ಇತ್ತು. ದೋಷವಿರುವುದು ಪದ್ಧತಿಯಲ್ಲಿ. ಖಾಸಗಿತನವನ್ನು ಹಕ್ಕೆಂದು ಸಾರಿ, ಅದನ್ನು ಅರ್ಜಿ ಹಾಕಿ ಬೇಡಿಕೊಳ್ಳುವಂತೆ ಮಾಡಿ, ಬೇಡಿದವನ ಹೆಸರನ್ನು ಅರ್ಜಿಯ ನೆತ್ತಿಯ ಮೇಲೆ ಬರೆಯುವ ಪದ್ಧತಿ ಇದು. ಅಪ್ರಾಪ್ತರ ಮಟ್ಟಿಗಾದರೂ ಈ ಪದ್ಧತಿ ಕೊನೆಗೊಳ್ಳಬೇಕು. ಕಡತವನ್ನು ಮುಚ್ಚುವ ಹೊಣೆ ಮಗುವಿನದಲ್ಲ, ಕಡತವನ್ನು ತೆರೆದವರದು.

ಕಾಯಿದೆಯಲ್ಲಿ ಕೊರತೆಯಿದೆಯೆಂದು ಯಾರೂ ನೆಪ ಹೇಳುವಂತಿಲ್ಲ. 2016ರ ಜನವರಿಯಿಂದ ಜಾರಿಯಲ್ಲಿರುವ ಬಾಲನ್ಯಾಯ ಕಾಯಿದೆಯ 74ನೆಯ ಕಲಮು, ಆರೋಪಕ್ಕೊಳಗಾದ ಮಗುವಿರಲಿ, ಸಂತ್ರಸ್ತ ಮಗುವಿರಲಿ, ಸಾಕ್ಷಿಯಾದ ಮಗುವಿರಲಿ, ಅದರ ಹೆಸರು, ವಿಳಾಸ, ಶಾಲೆ, ಚಿತ್ರ ಅಥವಾ ಗುರುತು ಹಿಡಿಯಲು ನೆರವಾಗುವ ಬೇರಾವ ವಿವರವನ್ನೂ ಪ್ರಕಟಿಸಬಾರದೆನ್ನುತ್ತದೆ. ಮೀರಿದವರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಪ್ರಕರಣ ಮುಗಿದ ಮೇಲೆ ಚಾರಿತ್ರ್ಯ ಪ್ರಮಾಣಪತ್ರಕ್ಕಾಗಿಯೂ ಪೊಲೀಸರು ಮಗುವಿನ ದಾಖಲೆಯನ್ನು ಹೊರಗೆಡಹುವಂತಿಲ್ಲ. 24ನೆಯ ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದೋಷನಿರ್ಣಯದ ದಾಖಲೆಗಳನ್ನೇ ನಾಶಪಡಿಸಬೇಕೆನ್ನುತ್ತದೆ. 2016ರ ಮಾದರಿ ನಿಯಮಗಳು ಮೇಲ್ಮನವಿಯ ಅವಧಿ ಅಥವಾ 7 ವರ್ಷ, ಅದಕ್ಕಿಂತ ಹೆಚ್ಚು ಇಡಕೂಡದೆಂದು ಗಡುವು ಹಾಕಿವೆ. 16 ದಾಟಿ, ಘೋರ ಅಪರಾಧಕ್ಕಾಗಿ ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆನಿಸಿದವರಿಗೆ ಈ ರಿಯಾಯಿತಿ ಇಲ್ಲ. ಕಾಯಿದೆಯು ಕುರುಡು ಕರುಣೆಯದಲ್ಲ ಎಂಬುದಕ್ಕೆ ಆ ಅಪವಾದವೇ ಸಾಕ್ಷಿ. 2012ರ ಪೋಕ್ಸೊ ಕಾಯಿದೆಯೂ ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸಿ, ಮಗುವಿನ ಗುರುತನ್ನು ಕಾಪಾಡುವ ಕರ್ತವ್ಯವನ್ನು ವಿಶೇಷ ನ್ಯಾಯಾಲಯದ ಮೇಲೆ ಹೊರಿಸಿದೆ.

ಇಷ್ಟೆಲ್ಲ ಇದ್ದೂ ಆಗುತ್ತಿರುವುದೇನು? ದೆಹಲಿಯಲ್ಲಿ ಅಪ್ರಾಪ್ತನೊಬ್ಬ ಕಾರು ಓಡಿಸಿ ಒಬ್ಬರ ಸಾವಿಗೆ ಕಾರಣನಾದ ಪ್ರಕರಣವು 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದಾಗ, ಕೆಳಗಿನ ತೀರ್ಪಿನಲ್ಲಿ ಆ ಹುಡುಗನ ಹೆಸರು ನೇರವಾಗಿಯೇ ಇದ್ದುದು ಕಂಡುಬಂದಿತು. ಅದು ಉಚ್ಚ ನ್ಯಾಯಾಲಯದ ತೀರ್ಪು. ಹೆಸರನ್ನು ತೆಗೆದುಹಾಕಲು ಸರ್ವೋಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು. ಪತ್ರಿಕೆಗಳಿಗೆ ದಂಡ ವಿಧಿಸುವ ಅಧಿಕಾರವುಳ್ಳವರೇ, ಪತ್ರಿಕೆ ಮಾಡಿದರೆ ಅಪರಾಧವೆನಿಸುವ ಕೆಲಸವನ್ನು ಅನ್ಯಮನಸ್ಕರಾಗಿ ಮಾಡಿಬಿಟ್ಟಿದ್ದರು. ಆ ತೀರ್ಪು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗದಿದ್ದರೆ ಅದನ್ನು ತಿದ್ದುವವರಾರು?

ಕಾಗದದ ಕಾಲದಲ್ಲಿ ಈ ಅನ್ಯಮನಸ್ಕತೆ ಅಷ್ಟು ಕೇಡು ಮಾಡುತ್ತಿರಲಿಲ್ಲ. ಕೆಂಪು ದಾರ ಕಟ್ಟಿದ ಕಡತವು ದಾಖಲೆ ಕೊಠಡಿಯ ಕಪಾಟು ಸೇರಿದ ಮೇಲೆ ಅದರ ಮೇಲಿನ ಧೂಳೇ ಮೊಹರಾಗಿತ್ತು. ಬೇಕಾದವರು ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಗುಮಾಸ್ತನ ಮುಂದೆ ನಾಲ್ಕು ದಿನ ಅಲೆದು ನಕಲು ಪಡೆಯಬೇಕಿತ್ತು. ಕೇವಲ ಕುತೂಹಲಕ್ಕಾಗಿ ಅಷ್ಟು ಅಲೆಯುವವರು ವಿರಳ. ಈಗ ಆ ಧೂಳನ್ನು ಒರೆಸಲಾಗುತ್ತಿದೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಇ-ಕೋರ್ಟ್ಸ್ ಯೋಜನೆಯ ಮೂರನೆಯ ಹಂತಕ್ಕೆ 7,210 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಹಳೆಯ ಕಡತಗಳನ್ನೂ ಗಣಕೀಕರಿಸುವುದು ಅದರ ಗುರಿಗಳಲ್ಲೊಂದು. ಕಕ್ಷಿದಾರನಿಗೆ ಮನೆಯಲ್ಲಿ ಕುಳಿತು ತನ್ನ ಪ್ರಕರಣದ ಸ್ಥಿತಿಯನ್ನು ತಿಳಿಯುವ ಅನುಕೂಲ ದೊರೆತದ್ದು ನಿಜ, ಸ್ವಾಗತಾರ್ಹವೂ ಹೌದು. ಆದರೆ ಅದೇ ಕಿಟಕಿಯಿಂದ ನೆರೆಯವನೂ ಇಣುಕಬಲ್ಲ.

ಈ ಮಾತು ಅಪರಾಧ ಪ್ರಕರಣಗಳಿಗಷ್ಟೇ ಸೀಮಿತವೆಂದು ಸದ್ಗೃಹಸ್ಥರು ನಿಶ್ಚಿಂತರಾಗಿರಬೇಕಾಗಿಲ್ಲ. ಹಿಂದೂ ವಿವಾಹ ಕಾಯಿದೆಯು ಜೈನರಿಗೂ ಅನ್ವಯಿಸುತ್ತದೆ. ಅದರ 22ನೆಯ ಕಲಮಿನ ಪ್ರಕಾರ ವಿಚಾರಣೆ ಗೋಪ್ಯವಾಗಿಯೇ ನಡೆಯತಕ್ಕದ್ದು. ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ತೀರ್ಪನ್ನು ಕೂಡ ನ್ಯಾಯಾಲಯದ ಪೂರ್ವಾನುಮತಿಯಿಂದ ಮಾತ್ರ ಪ್ರಕಟಿಸಬಹುದು. ಈಗ ಮುಂಬಯಿಯಲ್ಲೋ ಪುಣೆಯಲ್ಲೋ ದಂಪತಿಗಳು ಬೇರೆಯಾಗುತ್ತಾರೆ, ಒಂಬತ್ತು ವರ್ಷದ ಮಗಳು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಏಳುತ್ತದೆ ಎಂದಿಟ್ಟುಕೊಳ್ಳೋಣ. ಕುಟುಂಬ ನ್ಯಾಯಾಲಯದ ಬಾಗಿಲು ಮುಚ್ಚಿರುತ್ತದೆ. ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆದು, ತಂದೆ ತಾಯಿಯರನ್ನು ಹೊರಗಿರಿಸಿ, ಮೆಲ್ಲನೆ ಮಾತನಾಡಿಸುತ್ತಾರೆ. ಅಪ್ಪ ಕುಡಿದು ಬಂದ ರಾತ್ರಿಯನ್ನೋ, ಅಮ್ಮ ಕೈಯೆತ್ತಿದ ದಿನವನ್ನೋ ಮಗು ಹೇಳಿಕೊಳ್ಳುತ್ತದೆ. ಪ್ರಕರಣ ಮೇಲ್ಮನವಿಗೆ ಹೋಗುತ್ತದೆ. ಮೇಲಿನ ನ್ಯಾಯಾಲಯವು ಕಾರಣಸಹಿತವಾಗಿ ಆದೇಶ ಬರೆಯಬೇಕಲ್ಲವೇ? ಮಗುವಿನ ಹೆಸರು, ಶಾಲೆ, ಮನಶ್ಶಾಸ್ತ್ರಜ್ಞರ ಅಭಿಪ್ರಾಯ, ಕೊಠಡಿಯಲ್ಲಿ ಅದು ಪಿಸುಗುಟ್ಟಿದ ಮಾತು, ಎಲ್ಲವೂ ಆದೇಶದೊಳಕ್ಕೆ ಬರುತ್ತವೆ, ಸಂಜೆಯೊಳಗೆ ಜಾಲತಾಣವನ್ನೇರುತ್ತವೆ. ಹದಿನೈದು ವರ್ಷಗಳ ತರುವಾಯ ಆ ಮಗಳಿಗೆ ವರಾನ್ವೇಷಣೆ ನಡೆದಾಗ, ಗಂಡಿನ ಕಡೆಯ ಯಾರೋ ಒಬ್ಬರು ದೂರವಾಣಿಯಲ್ಲಿ ಹೆಸರನ್ನು ಬರೆದು ನೋಡುತ್ತಾರೆ. ಆಮೇಲೆ ಆ ಮನೆಯಿಂದ ಕರೆ ಬರುವುದಿಲ್ಲ. ಏಕೆಂದೂ ಯಾರೂ ಹೇಳುವುದಿಲ್ಲ.

ಮಗುವಿಗಾಗಿ ದಾಖಲೆ ಮುಚ್ಚುವುದು ಮುಕ್ತ ನ್ಯಾಯಾಲಯದ ತತ್ವಕ್ಕೆ ವಿರುದ್ಧವೆಂಬ ವಾದವನ್ನು ಕೆಲವರು ಬಹು ಗಾಂಭೀರ್ಯದಿಂದ ಮಂಡಿಸುತ್ತಾರೆ. ಅಂಥವರು ಮುಂಬಯಿಯದೇ ಒಂದು ಇತಿಹಾಸವನ್ನು ನೆನೆಯುವುದು ಒಳಿತು. 1964ರಲ್ಲಿ ‘ಬ್ಲಿಟ್ಜ್’ ಪತ್ರಿಕೆಯ ಸಂಪಾದಕ ಕರಂಜಿಯಾ ಅವರ ವಿರುದ್ಧದ ಮಾನಹಾನಿ ದಾವೆ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ನಡೆಯುತ್ತಿತ್ತು. ತನ್ನ ಸಾಕ್ಷ್ಯವು ಪತ್ರಿಕೆಗಳಲ್ಲಿ ಬಂದರೆ ವ್ಯಾಪಾರಕ್ಕೆ ನಷ್ಟವೆಂದು ಒಬ್ಬ ಸಾಕ್ಷಿ ಮೊರೆಯಿಟ್ಟ. ನ್ಯಾಯಮೂರ್ತಿ ತಾರ್ಕುಂಡೆಯವರು ಅದನ್ನು ವರದಿ ಮಾಡಕೂಡದೆಂದು ಬಾಯಿಮಾತಿನಲ್ಲಿಯೇ ಆದೇಶಿಸಿದರು. ಪತ್ರಕರ್ತರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1966ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಹಿದಾಯತುಲ್ಲಾ ಅವರೊಬ್ಬರ ಭಿನ್ನಮತದೊಂದಿಗೆ, ಆ ಆದೇಶವನ್ನು ಎತ್ತಿಹಿಡಿಯಿತು. ಹಿದಾಯತುಲ್ಲಾ ಅವರ ಭಿನ್ನಮತವೇ ಹೆಚ್ಚು ಸರಿಯೆಂದು ಇಂದಿಗೂ ಅನೇಕರಿಗೆ ತೋರುತ್ತದೆ. ಅದು ಬೇರೆ ಮಾತು. ವ್ಯಾಪಾರಿಯೊಬ್ಬನ ಲಾಭನಷ್ಟಕ್ಕಾಗಿ ನ್ಯಾಯಾಲಯದ ಬಾಗಿಲನ್ನು ಅರ್ಧ ಮುಚ್ಚಬಹುದಾದರೆ, ತನ್ನ ಇಚ್ಛೆಯಿಲ್ಲದೆ ನ್ಯಾಯಾಲಯಕ್ಕೆ ಎಳೆತರಲಾದ ಮಗುವಿನ ಹೆಸರಿಗೆ ಒಂದು ಪರದೆ ಹಾಕಲು ಹಿಂಜರಿಕೆ ಏಕೆ? ವ್ಯಾಪಾರಿಗೆ ಮಾತನಾಡಲು ನಾಲಗೆಯೂ ವಕೀಲನೂ ಇದ್ದರು. ಮಗುವಿಗೆ ಎರಡೂ ಇರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಅಪ್ರಾಪ್ತನೊಬ್ಬ ಓಡಿಸುತ್ತಿದ್ದನೆನ್ನಲಾದ ಪೋರ್ಶೆ ಕಾರು ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರುಗಳ ಪ್ರಾಣ ತೆಗೆಯಿತು. ಅದೇ ದಿನ ಬಾಲನ್ಯಾಯ ಮಂಡಳಿಯ ಸದಸ್ಯರೊಬ್ಬರು ಆತನಿಗೆ ಜಾಮೀನು ನೀಡಿದರು. ವಿಧಿಸಿದ ಷರತ್ತುಗಳಲ್ಲೊಂದು 300 ಪದಗಳ ಪ್ರಬಂಧ. ದೇಶವೇ ಕುದಿಯಿತು. ರಕ್ತದ ಮಾದರಿಯನ್ನು ಸಸೂನ್ ಆಸ್ಪತ್ರೆಯಲ್ಲಿ ಅದಲುಬದಲು ಮಾಡಿದ ಆರೋಪದ ಮೇಲೆ ವೈದ್ಯರ ಬಂಧನವಾಯಿತು, ಹುಡುಗನ ತಂದೆ ತಾಯಿಯರ ಬಂಧನವಾಯಿತು. ಗೋಪ್ಯತೆಯೆಂಬುದು ಹಣವಂತರ ಮಕ್ಕಳ ಕೊಡೆ, ಬಡವನ ಸಾವಿನ ಮೇಲೆ ಎಳೆಯುವ ಚಾದರ ಎಂದು ಜನ ಆಡಿಕೊಂಡರು. ಆ ಸಿಟ್ಟು ನ್ಯಾಯವಾದದ್ದೇ.

ಆದರೆ ಆ ಪ್ರಕರಣದಲ್ಲಿ ಗೋಪ್ಯತೆ ಯಾರನ್ನು ಉಳಿಸಿತೆಂದು ನಿಧಾನವಾಗಿ ಯೋಚಿಸಬೇಕು. ಪ್ರಬಂಧದ ಷರತ್ತು ಒಂದೆರಡು ದಿನಗಳಲ್ಲೇ ದೇಶಕ್ಕೆಲ್ಲ ಗೊತ್ತಾಯಿತು. ಗೊತ್ತಾದ್ದರಿಂದಲೇ ಮಂಡಳಿ ತನ್ನ ನಡೆಯನ್ನು ಮರುಪರಿಶೀಲಿಸಬೇಕಾಯಿತು, ಮುಂದೆ ಮಂಡಳಿಯ ಇಬ್ಬರು ಸದಸ್ಯರನ್ನು ರಾಜ್ಯ ಸರ್ಕಾರ ಹುದ್ದೆಯಿಂದ ತೆಗೆಯಿತು. ಆರೋಪಕ್ಕೊಳಗಾದ ವೈದ್ಯರು, ಪಾಲಕರು, ಮಧ್ಯವರ್ತಿಗಳು ಎಲ್ಲರೂ ವಯಸ್ಕರು. 74ನೆಯ ಕಲಮು ಇವರಾರಿಗೂ ಆಶ್ರಯ ಕೊಡುವುದಿಲ್ಲ. ಪತ್ರಿಕೆಗಳು ಹುಡುಗನ ಹೆಸರನ್ನು ಬಿಟ್ಟು ಆತನ ತಂದೆಯ ಹೆಸರು, ಅಜ್ಜನ ಹೆಸರು, ವ್ಯವಹಾರದ ಹೆಸರುಗಳನ್ನು ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿದವು. ಹಾಗಿರುವಾಗ ಮರೆಯಾದದ್ದೇನು? ಶ್ರೀಮಂತನ ಮಗನಿಗೆ ಗೋಪ್ಯತೆಯಿಂದ ಆದ ಲಾಭ ಅತ್ಯಲ್ಪ. ಅವನಿಗೆ ಪೊಲೀಸ್ ಪ್ರಮಾಣಪತ್ರ ತೋರಿಸಿ ಕಾವಲುಗಾರನ ಕೆಲಸಕ್ಕೋ ಮನೆಮನೆಗೆ ಊಟ ತಲುಪಿಸುವ ಕೆಲಸಕ್ಕೋ ಸೇರಬೇಕಾದ ಗರಜು ಎಂದೂ ಬಾರದು. ಆ ಗರಜು ಬರುವುದು, ಹದಿನಾರರಲ್ಲಿ ಮೊಬೈಲ್ ಕಳವಿನ ಆರೋಪ ಹೊತ್ತು, ಇಪ್ಪತ್ತೆರಡರಲ್ಲಿ ನೆಟ್ಟಗೆ ಬದುಕಲು ಹೊರಟ ಧಾರಾವಿಯ ಹುಡುಗನಿಗೆ. ಪುಣೆಯ ಸಿಟ್ಟಿನಲ್ಲಿ 74ನೆಯ ಕಲಮನ್ನು ಕಿತ್ತೆಸೆದರೆ ಕೊಡೆ ಹಾರಿಹೋಗುವುದು ಈತನ ತಲೆಯ ಮೇಲಿನಿಂದ.

ಹೀಗಾಗಿ ಮುಚ್ಚಬೇಕಾದುದೇನು, ತೆರೆದಿಡಬೇಕಾದುದೇನು ಎಂಬ ವಿವೇಚನೆಯೇ ಇಲ್ಲಿನ ತಿರುಳು. ಆದೇಶ ತೆರೆದಿರಲಿ, ಕಾರಣಗಳು ತೆರೆದಿರಲಿ, ಆದೇಶ ಕೊಟ್ಟವರ ಹೆಸರು ತೆರೆದಿರಲಿ. ಮಗುವಿನ ಗುರುತು ಮಾತ್ರ ಮುಚ್ಚಿರಲಿ. ಸರ್ಕಾರವು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಸಾಮಗ್ರಿ ಸಲ್ಲಿಸಿ, ಎದುರು ಪಕ್ಷಕ್ಕೆ ತನ್ನ ವಿರುದ್ಧದ ಆರೋಪವೇ ತಿಳಿಯದಂತೆ ಮಾಡುವ ಪರಿಪಾಠವನ್ನು 2023ರ ಏಪ್ರಿಲಿನಲ್ಲಿ ಮೀಡಿಯಾ ಒನ್ ವಾಹಿನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಟುವಾಗಿ ಟೀಕಿಸಿತು. ಆ ಲಕೋಟೆಗೂ ಈ ಲಕೋಟೆಗೂ ಅಜಗಜಾಂತರ. ಅಲ್ಲಿ ಬಲಿಷ್ಠನ ಕಾರಣಗಳನ್ನು ದುರ್ಬಲನಿಂದ ಬಚ್ಚಿಡಲಾಗುತ್ತದೆ. ಇಲ್ಲಿ ದುರ್ಬಲನ ಹೆಸರನ್ನು ದಾರಿಹೋಕನಿಂದ ಬಚ್ಚಿಡಬೇಕಾಗಿದೆ. ಕಕ್ಷಿದಾರರಿಗೆ ಯಾವುದೂ ಗುಟ್ಟಲ್ಲ.

ಹೆಸರು ಹೇಳುವುದೇ ಮಗುವಿಗೆ ಸಲ್ಲಿಸುವ ಗೌರವವೆಂಬ ಭ್ರಮೆಯೂ ಒಂದಿದೆ. ಕಠುವಾದ ಎಂಟು ವರ್ಷದ ಬಾಲಕಿಯ ಹೆಸರು ಮತ್ತು ಮುಖ 2018ರಲ್ಲಿ ದೇಶದ ಪ್ರತಿಯೊಂದು ಪರದೆಯ ಮೇಲೂ ಬಂದಿತು. ಆ ಏಪ್ರಿಲಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 12 ಮಾಧ್ಯಮ ಸಂಸ್ಥೆಗಳಿಗೆ ತಲಾ 10 ಲಕ್ಷ ರೂಪಾಯಿ ಕಟ್ಟುವಂತೆ ಹೇಳಿತು. ಅದೇ ವರ್ಷದ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ನಿಪುಣ್ ಸಕ್ಸೇನಾ ತೀರ್ಪಿನಲ್ಲಿ, ಸತ್ತವರಿಗೂ ಘನತೆಯಿದೆ, ಬಂಧುಗಳ ಒಪ್ಪಿಗೆಯೊಂದೇ ಹೆಸರನ್ನು ಹೊರಹಾಕಲು ಸಾಲದು ಎಂದಿತು. ಜೈನ ಸಮಾಜವು ಈ ಮಾತನ್ನು ಪರರ ಮನೆಯ ಕಥೆಯೆಂದು ಓದಿದರೆ ಆತ್ಮವಂಚನೆಯಾದೀತು. 2016ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ 68 ದಿನಗಳ ಉಪವಾಸದ ಬಳಿಕ 13 ವರ್ಷದ ಬಾಲೆಯೊಬ್ಬಳು ಮೃತಪಟ್ಟಳು. ಪಾಲಕರ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಆಕೆಯ ಹೆಸರನ್ನೂ ಭಾವಚಿತ್ರವನ್ನೂ ಹೊರಗಿನ ಮಾಧ್ಯಮಗಳು ನಿಂದೆಗಾಗಿ ಹರಡಿದವು. ಒಳಗಿನವರು ಮಹಿಮೆಗಾಗಿ ಹರಡಿದರು. ಇಬ್ಬರ ಕೈಯಲ್ಲಿಯೂ ಇದ್ದದ್ದು ಅದೇ ಚಿತ್ರ. ಪ್ರಕರಣ ದಾಖಲಾದ ಬಳಿಕ ಆಕೆ ಕಾಯಿದೆಯ ಕಣ್ಣಿನಲ್ಲಿ ಸಂತ್ರಸ್ತ ಬಾಲೆಯೆಂಬುದು ಯಾರಿಗೂ ತೋಚಲಿಲ್ಲ.

ನಿಪುಣ್ ಸಕ್ಸೇನಾ ತೀರ್ಪಿನಲ್ಲಿಯೇ ಪರಿಹಾರದ ಬೀಜವೂ ಇದೆ. ಸಂತ್ರಸ್ತರ ಹೆಸರಿರುವ ದಾಖಲೆಗಳನ್ನು ಪೊಲೀಸರು ಮುಚ್ಚಿದ ಲಕೋಟೆಯಲ್ಲಿಟ್ಟು, ಅವುಗಳ ಜಾಗದಲ್ಲಿ ಹೆಸರನ್ನು ತೆಗೆದ ತದ್ರೂಪಿ ಪ್ರತಿಗಳನ್ನು ಇಡಬೇಕೆಂದು ನ್ಯಾಯಮೂರ್ತಿಗಳಾದ ಮದನ್ ಲೋಕುರ್ ಮತ್ತು ದೀಪಕ್ ಗುಪ್ತಾ ಅವರ ಪೀಠ ನಿರ್ದೇಶಿಸಿತು. ಪ್ರತಿ ಎರಡು, ಸತ್ಯ ಒಂದು. ಪೊಲೀಸ್ ಠಾಣೆಯಿಂದ ನಿರೀಕ್ಷಿಸಿದ ಈ ಶಿಸ್ತನ್ನು ನ್ಯಾಯಾಲಯದ ರಿಜಿಸ್ಟ್ರಿಯಿಂದಲೂ ಏಕೆ ನಿರೀಕ್ಷಿಸಬಾರದು? ಅಪ್ರಾಪ್ತರು ಒಳಗೊಂಡ ಯಾವುದೇ ಪ್ರಕರಣವು ದಾಖಲಾದ ದಿನವೇ ಮಗುವಿಗೊಂದು ಅಕ್ಷರ ಸಲ್ಲಲಿ. ತಂದೆ ತಾಯಿಯರ ಹೆಸರು ಶೀರ್ಷಿಕೆಯಲ್ಲಿದ್ದರೆ ಅದಕ್ಕೂ ಅದೇ ಮರೆ ಇರಲಿ. ತಂದೆಯೇ ಆರೋಪಿಯಾದ ಪೋಕ್ಸೊ ಪ್ರಕರಣದಲ್ಲಿ ಮಗಳ ಹೆಸರನ್ನು ಮುಚ್ಚಿ ತಂದೆಯ ಹೆಸರನ್ನು ತೆರೆದಿಟ್ಟರೆ ಮುಚ್ಚಿದಂತೇನಾಯಿತು? ಕಕ್ಷಿದಾರರಿಗೂ ಮೇಲ್ಮನವಿಯ ನ್ಯಾಯಾಲಯಕ್ಕೂ ಪೂರ್ಣ ಪ್ರತಿ, ಜಾಲತಾಣಕ್ಕೆ ಮರೆಮಾಚಿದ ಪ್ರತಿ.

ಮೂಲದಲ್ಲೇ ಇದು ನಡೆಯದಿದ್ದರೆ ಕೆಳಗೆ ಎಷ್ಟು ತೇಪೆ ಹಾಕಿದರೂ ನಿಲ್ಲದು. ಖುಲಾಸೆಯಾದ ವಯಸ್ಕನೊಬ್ಬನ ತೀರ್ಪನ್ನು ಖಾಸಗಿ ಕಾನೂನು ಜಾಲತಾಣವೊಂದು ತೆಗೆದುಹಾಕಬೇಕೆಂದು 2024ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಆದೇಶಿಸಿತು. ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ನ್ಯಾಯಾಲಯವೇ ಬಹಿರಂಗವಾಗಿ ಕೊಟ್ಟ ತೀರ್ಪನ್ನು ಇನ್ನೊಬ್ಬರ ಕಪಾಟಿನಿಂದ ಕಿತ್ತುಹಾಕುವುದು ಕಷ್ಟ, ಅಪಾಯಕಾರಿಯೂ ಹೌದು. ಹೆಸರಿಲ್ಲದ ಪ್ರತಿಯೇ ಹೊರಬಿದ್ದಿದ್ದರೆ ಕೀಳುವ ಪ್ರಮೇಯವೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಮಗುವಿನ ದತ್ತಾಂಶವನ್ನು ಮುಟ್ಟುವ ಮೊದಲು ಪಾಲಕರ ಒಪ್ಪಿಗೆ ಪಡೆಯಬೇಕೆಂದು ಆಟದ ಆ್ಯಪ್ ನಡೆಸುವವನಿಗೂ ಕಟ್ಟಪ್ಪಣೆ ಮಾಡಿದೆ. ಅದೇ ಕಾಯಿದೆ ನ್ಯಾಯಾಲಯಗಳ ನ್ಯಾಯಿಕ ಕಾರ್ಯಕ್ಕೆ ಬಹುಮಟ್ಟಿನ ವಿನಾಯಿತಿ ಕೊಟ್ಟಿದೆ. ವಿನಾಯಿತಿ ಪಡೆದವರು ತಮ್ಮ ಶಿಸ್ತನ್ನು ತಾವೇ ರೂಪಿಸಿಕೊಳ್ಳಬೇಕಲ್ಲದೆ ಬೇರೆ ದಾರಿಯಿಲ್ಲ. ಅದಕ್ಕೆ ಹೊಸ ಕಾಯಿದೆಯೂ ಬೇಡ, ಸಂಸತ್ತಿನ ಅಧಿವೇಶನವೂ ಬೇಡ. ಸಂವಿಧಾನದ 227ನೆಯ ಅನುಚ್ಛೇದವು ಅಧೀನ ನ್ಯಾಯಾಲಯಗಳ ಕಾರ್ಯವಿಧಾನಕ್ಕೆ ನಿಯಮ ಮಾಡುವ ಅಧಿಕಾರವನ್ನು ಉಚ್ಚ ನ್ಯಾಯಾಲಯಗಳಿಗೆ ಆಗಲೇ ಕೊಟ್ಟಿದೆ.

ಆ ನಿಯಮ ಬರುವವರೆಗೆ ಸಮಾಜದ ವಕೀಲರು ಕೈಕಟ್ಟಿ ಕೂರಬೇಕಾಗಿಲ್ಲ. ಮಗುವಿನ ಸುಪರ್ದಿಯ ಅರ್ಜಿಯನ್ನು ಬರೆಯುವಾಗಲೇ ಹೆಸರಿನ ಜಾಗದಲ್ಲಿ ಒಂದಕ್ಷರವನ್ನಿಟ್ಟು, ಪೂರ್ಣ ವಿವರವನ್ನು ಪ್ರತ್ಯೇಕ ಲಕೋಟೆಯಲ್ಲಿ ಸಲ್ಲಿಸಲು ಅನುಮತಿ ಕೋರುವುದಕ್ಕೆ ಇಂದಿಗೂ ಅಡ್ಡಿಯಿಲ್ಲ. ಮೊದಲ ದಿನದ ಮೊದಲ ಪುಟದಲ್ಲಿ ಆ ಕೋರಿಕೆಯನ್ನು ಸೇರಿಸಲು ಬೇಕಾಗುವುದು ನಾಲ್ಕು ಸಾಲು.